ಒಂದು ವಾಕ್ಯ, ಮೂರು ವಾದ

ಬಂದೂಕು, ಆಸ್ಪತ್ರೆಯ ಬಿಲ್ಲು, ವ್ಯಾಪಾರ: ಅಮೆರಿಕದ ಸಾಮಾನ್ಯ ಜನ ಈ ಮೂರರ ಬಗ್ಗೆ ಎಂದೂ ಮುಗಿಯದ ಚರ್ಚೆ ನಡೆಸುತ್ತ ಬಂದಿದ್ದಾರೆ. ಮೂರಕ್ಕೂ ಬೇರು ಒಂದೇ.

ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನ ಹತ್ತಿರ ರಾಸ್ಕೊ ಫಿಲ್ಬರ್ನ್ ಎಂಬ ರೈತನಿದ್ದ. ಹಸು ಮತ್ತು ಕೋಳಿ ಸಾಕಿ ಹಾಲು, ಮೊಟ್ಟೆ ಮಾರುವುದು ಅವನ ಕಸುಬು. ಜೊತೆಗೆ ಸ್ವಲ್ಪ ಗೋಧಿಯನ್ನೂ ಬೆಳೆಯುತ್ತಿದ್ದ. 1941ರ ಬೆಳೆಗೆ ಸರ್ಕಾರ ಅವನಿಗೆ ಗೊತ್ತುಮಾಡಿದ್ದು 11.1 ಎಕರೆ. ಅವನು ಬಿತ್ತಿದ್ದು 23 ಎಕರೆ. ಹೆಚ್ಚಿನ ಗೋಧಿ ಮನೆಯ ಹಿಟ್ಟಿಗೆ, ದನ-ಕೋಳಿಗಳ ಮೇವಿಗೆ, ಮುಂದಿನ ಬಿತ್ತನೆಗೆ ಎಂಬುದು ಅವನ ವಾದ. ಸರ್ಕಾರ ಕೇಳಲಿಲ್ಲ. 117 ಡಾಲರ್ ದಂಡ ವಿಧಿಸಿತು.

ಹೊಲ ತನ್ನದು, ಗೋಧಿ ತನ್ನದು, ತಿನ್ನುವ ಕೋಳಿಯೂ ತನ್ನದೇ. ನಡುವೆ ಸರ್ಕಾರಕ್ಕೇನು ಕೆಲಸ? ಈ ಪ್ರಶ್ನೆ ಹಿಡಿದು ಫಿಲ್ಬರ್ನ್ ಕೋರ್ಟಿನ ಮೆಟ್ಟಿಲೇರಿದ. 1942ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಸರ್ಕಾರದ ಪರವಾಗಿ ತೀರ್ಪು ನೀಡಿತು. ಮನೆಯಲ್ಲೇ ಗೋಧಿ ಬೆಳೆದುಕೊಂಡವನು ಪೇಟೆಯಲ್ಲಿ ಕೊಳ್ಳುವುದಿಲ್ಲ. ಸಾವಿರಾರು ಮಂದಿ ಹಾಗೆಯೇ ಮಾಡಿದರೆ ದೇಶದಲ್ಲೆಲ್ಲ ಗೋಧಿಯ ಬೆಲೆ ಏರುಪೇರಾಗುತ್ತದೆ. ಆದ್ದರಿಂದ ಅವನ ಹೊಲವೂ ದೇಶದ ವ್ಯಾಪಾರದ ಒಂದು ಭಾಗವೇ. ಇದು ನ್ಯಾಯಾಲಯದ ತರ್ಕ.

ಈ ತರ್ಕಕ್ಕೆ ಆಧಾರವಾದದ್ದು 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಒಂದು ಪುಟ್ಟ ವಾಕ್ಯ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವನ್ನು ಅದು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ ಕೊಡುತ್ತದೆ. ಸಂವಿಧಾನ ಪಟ್ಟಿಮಾಡಿ ಕೊಟ್ಟ ಅಧಿಕಾರಗಳನ್ನಷ್ಟೇ ಕೇಂದ್ರ ಸರ್ಕಾರ ಚಲಾಯಿಸಬಹುದು. ಉಳಿದವು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು. ಹಾಗಾದರೆ 'ವ್ಯಾಪಾರ' ಎಂಬ ಮಾತು ಎಲ್ಲಿಯವರೆಗೆ ಹಿಗ್ಗುತ್ತದೆ? ಶಾಲೆಯ ಬಂದೂಕಿನವರೆಗೆ? ಆಸ್ಪತ್ರೆಯ ವಿಮೆಯವರೆಗೆ? ಈ ಪ್ರಶ್ನೆಯನ್ನು ಎತ್ತಿದವರು ಪಂಡಿತರಷ್ಟೇ ಅಲ್ಲ. ರೈತ, ವಿದ್ಯಾರ್ಥಿ, ನರ್ಸ್, ಕಾವಲುಗಾರ, ಅಂಗಡಿಯವ ಎಲ್ಲರೂ ಎತ್ತಿದ್ದಾರೆ.

ಶಾಲೆಗೆ ಬಂದ ಬಂದೂಕು

1992ರ ಮಾರ್ಚ್ ತಿಂಗಳಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಒಂದು ಪ್ರೌಢಶಾಲೆಗೆ ಹನ್ನೆರಡನೇ ತರಗತಿಯ ಹುಡುಗನೊಬ್ಬ ರಿವಾಲ್ವರ್ ತಂದು ಸಿಕ್ಕಿಬಿದ್ದ. ಶಾಲೆಗಳ ಸುತ್ತಮುತ್ತ ಬಂದೂಕು ಇಟ್ಟುಕೊಳ್ಳುವುದನ್ನು ನಿಷೇಧಿಸಿ ಕಾಂಗ್ರೆಸ್ 1990ರಲ್ಲೇ ಕಾನೂನು ಮಾಡಿತ್ತು. ಆದರೆ 1995ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ರದ್ದುಮಾಡಿತು! ಶಾಲೆಗೆ ಬಂದೂಕು ತರುವುದು ಅಪರಾಧವಿರಬಹುದು, ಆದರೆ ಅದು 'ವ್ಯಾಪಾರ' ಅಲ್ಲ, ಅದನ್ನು ರಾಜ್ಯಗಳು ನೋಡಿಕೊಳ್ಳಲಿ ಎಂದಿತು ನ್ಯಾಯಾಲಯ. ಐವರು ನ್ಯಾಯಮೂರ್ತಿಗಳು ಆ ಕಡೆ, ನಾಲ್ವರು ಈ ಕಡೆ. ಮರುವರ್ಷವೇ ಕಾಂಗ್ರೆಸ್ ಕಾನೂನನ್ನು ತಿದ್ದಿ ಮತ್ತೆ ತಂದಿತು. ರಾಜ್ಯಗಳ ನಡುವೆ ಸಾಗಿ ಬಂದ ಬಂದೂಕಿಗೆ ಅದು ಅನ್ವಯಿಸುತ್ತದೆ ಎಂಬ ಮಾತನ್ನು ಸೇರಿಸಿತು.

ಬಂದೂಕಿನ ವಾದಕ್ಕೆ ಇನ್ನೊಂದು ನೆಲೆಯೂ ಇದೆ. ಅದು 1791ರ ಎರಡನೆಯ ತಿದ್ದುಪಡಿ. ದೇಶದ ಭದ್ರತೆಗೆ ನಾಗರಿಕ ಪಡೆ ಬೇಕು, ಜನರ ಆಯುಧದ ಹಕ್ಕನ್ನು ಮೊಟಕು ಮಾಡಬಾರದು ಎಂಬುದು ಅದರ ಸಾರ. ಈ ಹಕ್ಕು ಪಡೆಗೋ, ಪ್ರತಿಯೊಬ್ಬ ನಾಗರಿಕನಿಗೋ? ರಾಜಧಾನಿ ವಾಷಿಂಗ್ಟನ್‌ನ ಕಾವಲುಗಾರ ಡಿಕ್ ಹೆಲರ್ ಹಗಲಲ್ಲಿ ಬಂದೂಕು ಧರಿಸಿ ಸರ್ಕಾರಿ ಕಟ್ಟಡ ಕಾಯುತ್ತಿದ್ದರು. ಆದರೆ ಸ್ವಂತ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವಂತಿರಲಿಲ್ಲ, ನಗರದಲ್ಲಿ ಅದಕ್ಕೆ ನಿಷೇಧವಿತ್ತು. ಅವರ ಮೊಕದ್ದಮೆಯಲ್ಲಿ 2008ರಲ್ಲಿ ನ್ಯಾಯಾಲಯ ಇದು ವ್ಯಕ್ತಿಯ ಹಕ್ಕು ಎಂದಿತು. ಹಕ್ಕಿಗೆ ಮಿತಿಯಿದೆ, ಶಾಲೆಗಳಿಗೂ ಸರ್ಕಾರಿ ಕಟ್ಟಡಗಳಿಗೂ ಬಂದೂಕು ಒಯ್ಯದಂತೆ ತಡೆಯಬಹುದು ಎಂದೂ ಹೇಳಿತು. ಅಲ್ಲಿಯೂ 5-4ರ ತೀರ್ಪು.

ಎದುರು ಬದಿಯಲ್ಲಿ ನಿಂತವರಲ್ಲಿ ಕ್ಯಾರೊಲಿನ್ ಮೆಕಾರ್ಥಿ ಎಂಬ ನರ್ಸ್ ಒಬ್ಬರು. 1993ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್ ರೈಲಿನಲ್ಲಿ ಒಬ್ಬಾತ ಗುಂಡು ಹಾರಿಸಿ ಆರು ಮಂದಿಯನ್ನು ಕೊಂದ. ಸತ್ತವರಲ್ಲಿ ಅವರ ಪತಿಯೂ ಒಬ್ಬರು. ಮಗ ತೀವ್ರವಾಗಿ ಗಾಯಗೊಂಡ. ತಮ್ಮ ಕ್ಷೇತ್ರದ ಪ್ರತಿನಿಧಿ ದಾಳಿ ಬಂದೂಕುಗಳ ನಿಷೇಧವನ್ನು ತೆಗೆಯಲು ಮತ ಹಾಕಿದಾಗ ಮೆಕಾರ್ಥಿ ಸುಮ್ಮನಿರಲಿಲ್ಲ. 1996ರಲ್ಲಿ ಅವರ ವಿರುದ್ಧವೇ ನಿಂತು ಗೆದ್ದರು. 18 ವರ್ಷ ಕಾಂಗ್ರೆಸ್ಸಿನಲ್ಲಿದ್ದರು.

ಕಾಯಿಲೆ ಯಾರದು, ಖರ್ಚು ಯಾರದು?

ಅಮೆರಿಕದಲ್ಲಿ ಬಹಳಷ್ಟು ಜನರಿಗೆ ಆರೋಗ್ಯ ವಿಮೆ ದೊರೆಯುವುದು ನೌಕರಿಯ ಮೂಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿದಾಗ, ಕೆಲಸಗಾರರನ್ನು ಸೆಳೆಯಲು ಕಂಪನಿಗಳು ವಿಮೆಯನ್ನು ಕೊಡತೊಡಗಿದವು. ಅದೇ ರೂಢಿಯಾಯಿತು. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. ಆದರೂ ನಡುವೆ ಬಿದ್ದ ಕೋಟ್ಯಂತರ ಜನ ವಿಮೆಯಿಲ್ಲದೆ ಉಳಿದರು. ಕೆಲಸ ಹೋದರೆ ವಿಮೆಯೂ ಹೋಗುವ ಸ್ಥಿತಿ.

2009ರ ಆಗಸ್ಟ್‌ನಲ್ಲಿ ಹೊಸ ಮಸೂದೆಯ ಚರ್ಚೆಗೆ ಊರೂರಲ್ಲಿ ಸಭೆಗಳು ನಡೆದವು. ಕಾಯಿಲೆಯವರಿಗೆ ವಿಮಾ ಕಂಪನಿಗಳು ಬಾಗಿಲು ಮುಚ್ಚುತ್ತಿವೆ, ಒಂದು ಶಸ್ತ್ರಚಿಕಿತ್ಸೆಗೆ ಮನೆ ಮಾರಬೇಕಾಗುತ್ತದೆ ಎಂದು ಕೆಲವರು ಅಂದರೆ, ತೆರಿಗೆ ಏರುತ್ತದೆ, ವೈದ್ಯರ ಮತ್ತು ರೋಗಿಯ ನಡುವೆ ಅಧಿಕಾರಿ ಬಂದು ಕೂರುತ್ತಾನೆ ಎಂದು ಇನ್ನು ಕೆಲವರು. ಹಲವು ಕಡೆ ಕೂಗಾಟದಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ನ್ಯೂ ಹ್ಯಾಂಪ್‌ಷೈರಿನ ಪೋರ್ಟ್ಸ್‌ಮತ್‌ನಲ್ಲಿ ಅಧ್ಯಕ್ಷ ಒಬಾಮ ಅವರ ಸಭೆಯ ಹೊರಗೆ ಒಬ್ಬಾತ ಕಾಲಿಗೆ ಪಿಸ್ತೂಲು ಕಟ್ಟಿಕೊಂಡು ನಿಂತಿದ್ದ. ಆ ರಾಜ್ಯದ ಕಾನೂನಿನಂತೆ ಅದು ತಪ್ಪಲ್ಲ!

2010ರ ಮಾರ್ಚ್‌ನಲ್ಲಿ ಕಾನೂನು ಬಂತು. ಹಳೆಯ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವಂತಿಲ್ಲ; ಮಕ್ಕಳು 26 ವರ್ಷ ತುಂಬುವವರೆಗೆ ತಂದೆ-ತಾಯಿಯ ವಿಮೆಯಲ್ಲೇ ಇರಬಹುದು. ಜೊತೆಗೆ, ಬಹುತೇಕ ಎಲ್ಲರೂ ವಿಮೆ ಪಡೆಯಲೇಬೇಕು, ಇಲ್ಲವಾದರೆ ದಂಡ. ಆರೋಗ್ಯವಂತರೂ ಸೇರಿದರೆ ಮಾತ್ರ ವಿಮೆಯ ಲೆಕ್ಕ ಸರಿಹೋಗುತ್ತದೆ ಎಂಬುದು ಇದರ ಹಿಂದಿನ ಗಣಿತ.

ಅಂಗಡಿಯವರ ಪ್ರಶ್ನೆ

ಈ ಕಡ್ಡಾಯದ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಹಲವು ರಾಜ್ಯಗಳ ಜೊತೆ ಸಣ್ಣ ವ್ಯಾಪಾರಿಗಳ ರಾಷ್ಟ್ರೀಯ ಸಂಘವೂ ಇತ್ತು. ವ್ಯಾಪಾರ ಮಾಡುವವನನ್ನು ನಿಯಂತ್ರಿಸಿ, ಸರಿ. ಏನನ್ನೂ ಕೊಳ್ಳದೆ ಸುಮ್ಮನೆ ಕುಳಿತವನನ್ನು ಕೊಳ್ಳು ಎಂದು ಒತ್ತಾಯಿಸಬಹುದೆ? ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಕಾಲಿಯ ಒಂದು ತರಕಾರಿಯನ್ನು ಮುಂದಿಟ್ಟರು: ಇಂದು ವಿಮೆ, ನಾಳೆ ಆರೋಗ್ಯಕ್ಕೆ ಒಳ್ಳೆಯದೆಂದು ಬ್ರೊಕೋಲಿ ಕೊಳ್ಳಲು ಆಜ್ಞೆ ಮಾಡಬಹುದೆ? ಸರ್ಕಾರದ ಪರ ವಾದಿಸಿದವರಿಗೆ ಫಿಲ್ಬರ್ನನ ಗೋಧಿ 70 ವರ್ಷದ ಬಳಿಕವೂ ಆಸರೆಯಾಗಿತ್ತು.

2012ರ ತೀರ್ಪು ಸ್ವಾರಸ್ಯಕರ. 'ವ್ಯಾಪಾರ'ದ ವಾಕ್ಯದಡಿ ಈ ಕಡ್ಡಾಯ ನಿಲ್ಲದು, ಆದರೆ ದಂಡವನ್ನು ತೆರಿಗೆಯೆಂದು ಭಾವಿಸಿದರೆ ನಿಲ್ಲುತ್ತದೆ ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಒಂದೇ ಮತದಿಂದ ಕಾನೂನು ಉಳಿಯಿತು. ಮುಂದೆ 2017ರಲ್ಲಿ ಕಾಂಗ್ರೆಸ್ ಆ ದಂಡವನ್ನು ಸೊನ್ನೆಗಿಳಿಸಿತು. ಅದು 2019ರಿಂದ ಜಾರಿಗೆ ಬಂತು.

ಹಾಗೆಂದು ವ್ಯಾಪಾರದ ಸ್ವಾತಂತ್ರ್ಯ ಮಾಲೀಕನ ಪ್ರಶ್ನೆ ಮಾತ್ರವಲ್ಲ. ವಾಷಿಂಗ್ಟನ್ ರಾಜ್ಯದ ಎಲ್ಸಿ ಪ್ಯಾರಿಷ್ ಹೋಟೆಲಿನಲ್ಲಿ ಕೋಣೆಗಳನ್ನು ಶುಚಿ ಮಾಡುವ ಕೆಲಸದಲ್ಲಿದ್ದರು. ಅಲ್ಲಿ 48 ಗಂಟೆಯ ವಾರಕ್ಕೆ 14.50 ಡಾಲರ್ ಕನಿಷ್ಠ ವೇತನ ಗೊತ್ತಾಗಿತ್ತು. ಹೋಟೆಲು ಅದಕ್ಕಿಂತ ಕಡಿಮೆ ಕೊಟ್ಟಿತು. ಬಾಕಿ ಕೇಳಿ ಅವರು ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1937ರಲ್ಲಿ 5-4ರಿಂದ ಗೆದ್ದಿತು. ಇಷ್ಟ ಬಂದ ಕೂಲಿಗೆ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೂ ಮಿತಿಯಿದೆ ಎಂಬುದು ಅಂದು ಸ್ಥಿರವಾಯಿತು.

ನಮ್ಮ ಮನೆಯ ಜಗಲಿಯಲ್ಲಿ

ಬಂದೂಕಿನ ಮಾತು ಕರ್ನಾಟಕಕ್ಕೂ ಅಪರಿಚಿತವಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ವ್ಯತ್ಯಾಸ ಗಮನಿಸಬೇಕು. ಇಲ್ಲಿ ಅದು ಕಾನೂನು ಕೊಟ್ಟ ವಿನಾಯಿತಿ, ಅಲ್ಲಿ ಸಂವಿಧಾನ ಕೊಟ್ಟ ಹಕ್ಕು. ನಮ್ಮ ಸಂವಿಧಾನ ಆಯುಧಗಳನ್ನು ಕೇಂದ್ರದ ಪಟ್ಟಿಗೂ ಸಾರ್ವಜನಿಕ ಆರೋಗ್ಯವನ್ನು ರಾಜ್ಯದ ಪಟ್ಟಿಗೂ ಸೇರಿಸಿದೆ. ವ್ಯಾಪಾರ-ಉದ್ಯೋಗದ ಸ್ವಾತಂತ್ರ್ಯವನ್ನು 19ನೇ ವಿಧಿಯಲ್ಲಿ ಕೊಟ್ಟು, ಅಲ್ಲೇ ಸಮಂಜಸ ನಿರ್ಬಂಧಗಳಿಗೂ ಅವಕಾಶ ಇಟ್ಟಿದೆ.

ಚರ್ಚಾಸ್ಪರ್ಧೆಗೆ ಸಿದ್ಧರಾಗುವ ಮಕ್ಕಳು ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಫಿಲ್ಬರ್ನನ ಪರವಾಗಿ ಮಗಳು, ಸರ್ಕಾರದ ಪರವಾಗಿ ತಂದೆ. ಹತ್ತು ನಿಮಿಷದ ಬಳಿಕ ಪಕ್ಷ ಬದಲಾಗಲಿ. ಎದುರಾಳಿಯ ಮಾತನ್ನು ಅವನು ಒಪ್ಪುವಂತೆ ಮರುಹೇಳಿದ ಮೇಲೆಯೇ ಉತ್ತರ ಕೊಡಬೇಕೆಂಬುದು ನಿಯಮವಾಗಲಿ. ಒಂದೇ ಮತದಿಂದ ತೀರ್ಮಾನವಾದ ಪ್ರಶ್ನೆಗಳಲ್ಲಿ ಸೋತ ಪಕ್ಷವೂ ಮೂರ್ಖರದಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಅದೇ 19ನೇ ವಿಧಿಯಲ್ಲಿ ಸಭೆ ಸೇರುವ ಹಕ್ಕೂ ಇದೆ. ಶಾಂತವಾಗಿ ಮತ್ತು ನಿರಾಯುಧರಾಗಿ ಸೇರಬೇಕೆಂಬ ಷರತ್ತಿನೊಂದಿಗೆ. ಪೋರ್ಟ್ಸ್‌ಮತ್‌ನ ಸಭೆಯ ಹೊರಗೆ ನಿಂತಿದ್ದವನನ್ನು ನೆನೆದಾಗ ಆ ಒಂದು ಪದದ ತೂಕ ತಿಳಿಯುತ್ತದೆ.