ಮನಸ್ಸಿಗೂ ಒಂದು ರೂಪಾಂತರ



ಆಗಸ್ಟ್ 6ರಂದು ಧರ್ಮಸಭೆಯು ಪ್ರಭುವಿನ ರೂಪಾಂತರದ ಹಬ್ಬವನ್ನು ಆಚರಿಸುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ವಿಶ್ವಾಸಿಗಳಿಗೆ ಇದು ಪುರುಸೊತ್ತಿಲ್ಲದ ಕಾಲ. ಕಾಲುವೆಗೆ ನೀರು ಬಂದಿದ್ದರೆ ಭತ್ತದ ನಾಟಿ, ಮಳೆಯನ್ನೇ ನಂಬಿದ ಹೊಲದಲ್ಲಿ ತೊಗರಿ, ಸಜ್ಜೆಯ ಕಳೆ. ಭಾನುವಾರ ಬೀಳದಿದ್ದರೆ ಹಬ್ಬ ಸದ್ದಿಲ್ಲದೆ ಕಳೆದುಹೋಗುತ್ತದೆ. 2002ರಲ್ಲಿ ವಿಶ್ವಗುರು ಎರಡನೇ ಜಾನ್ ಪೌಲರು ಜಪಸರಕ್ಕೆ ಸೇರಿಸಿದ ಬೆಳಕಿನ ರಹಸ್ಯಗಳಲ್ಲಿ ನಾಲ್ಕನೆಯದು ಇದೇ ಆದ್ದರಿಂದ, ಗುರುವಾರಗಳಂದಾದರೂ ನಾವು ಇದನ್ನು ನೆನೆಯುತ್ತೇವೆ.

ಬೆಟ್ಟದ ಮೇಲೆ ಸ್ವಾಮಿ ಯೇಸುವಿನ ರೂಪ ಬದಲಾದದ್ದನ್ನು ಹೇಳಲು ಸಂತ ಮತ್ತಾಯ ಮತ್ತು ಸಂತ ಮಾರ್ಕ ಗ್ರೀಕ್ ಮೂಲದಲ್ಲಿ ಒಂದು ಕ್ರಿಯಾಪದವನ್ನು ಬಳಸಿದ್ದಾರೆ. ಹೊಸ ಒಡಂಬಡಿಕೆಯಲ್ಲಿ ಅದು ಇರುವುದು ನಾಲ್ಕೇ ಕಡೆ. ಎರಡು ಈ ಬೆಟ್ಟದ ವೃತ್ತಾಂತದಲ್ಲಿ. ಉಳಿದೆರಡನ್ನು ಸಂತ ಪೌಲರು ಬರೆದದ್ದು ನಮ್ಮನ್ನು ಕುರಿತು! ಅವುಗಳಲ್ಲಿ ಒಂದು ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದ ಎರಡನೇ ವಚನದಲ್ಲಿದೆ. ಈ ಲೋಕದ ಅಚ್ಚಿನೊಳಗೆ ಸಿಕ್ಕಿಕೊಳ್ಳದೆ ಮನಸ್ಸು ಹೊಸದಾಗುವ ಮೂಲಕ ರೂಪಾಂತರ ಹೊಂದಿರಿ ಎಂಬುದು ಅಲ್ಲಿನ ತಾತ್ಪರ್ಯ. ಪೌಲರ ವ್ಯಾಕರಣವನ್ನೂ ಗಮನಿಸಬೇಕು. ಆ ಕ್ರಿಯಾಪದ ನಿರಂತರವಾಗಿ ನಡೆಯುವ ಕೆಲಸವನ್ನು ಸೂಚಿಸುತ್ತದೆ. ಅದರ ಕರ್ತೃವೂ ನಾವಲ್ಲ. ಬದಲಾಯಿಸುವವರು ದೇವರು, ಬದಲಾಗಲು ಒಪ್ಪಿಸಿಕೊಡುವವರು ನಾವು. ಅದಕ್ಕೇ ಹಿಂದಿನ ವಚನದಲ್ಲಿ ನಮ್ಮ ಶರೀರಗಳನ್ನು ಜೀವಂತ ಬಲಿಯಾಗಿ ಅರ್ಪಿಸುವ ಮಾತು ಬಂದಿದೆ. ಹಳೆಯ ಬಲಿಗಳಲ್ಲಿ ಪ್ರಾಣಿ ಒಮ್ಮೆ ಸತ್ತರೆ ಮುಗಿಯಿತು. ಜೀವಂತ ಬಲಿಯಾದರೋ ಭಾನುವಾರ ಅರ್ಪಣೆಯಾಗಿ ಸೋಮವಾರ ಎದ್ದು ಸಂತೆಗೆ ಹೋಗಿಬಿಡುತ್ತದೆ. ಆದ್ದರಿಂದಲೇ ಒಪ್ಪಿಸಿಕೊಡುವುದು ದಿನದಿನದ ಕೆಲಸ.

ಈ ಮಾತು ನಮ್ಮ ಭಾಗದವರಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಜಲಾಶಯದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105. ಮಿಕ್ಕ ಜಾಗವನ್ನು ಹೂಳು ತಿಂದಿದೆ. ಯಾರೂ ಒಂದು ದಿನ ಲಾರಿಯಲ್ಲಿ ತಂದು ಸುರಿದ ಮಣ್ಣಲ್ಲ ಅದು. ಪ್ರತಿ ಮಳೆಗಾಲ, ಪ್ರತಿ ಹೊಸ ನೀರಿನ ಜೊತೆಗೆ ತೆಳ್ಳಗೆ ಬಂದು ಕುಳಿತದ್ದು. ಮನಸ್ಸಿನ ಹೂಳೂ ಹೀಗೆಯೇ. ಕೊಲೆ, ಕಳ್ಳತನದಂಥ ಪಾಪಗಳಿಂದ ನಮ್ಮಲ್ಲಿ ಹೆಚ್ಚಿನವರ ಮನಸ್ಸು ಕೆಡುವುದಿಲ್ಲ. ಅಣ್ಣತಮ್ಮಂದಿರ ಬದುವಿನ ಜಗಳ, ತೀರದ ಸಾಲ, ಗುಳೆ ಹೋದ ಮಗ ಫೋನ್ ಮಾಡದ ಸಂಕಟ, ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ನೋಡಿದ ಸಿಟ್ಟಿನ ಮಾತುಗಳು, ಇವೆಲ್ಲ ಸೇರಿ ದೇವರಿಗೆ ಇದ್ದ ಜಾಗ ಕಿರಿದಾಗುತ್ತದೆ. ಮೇಲಿನ ನೀರು ನೋಡಿದರೆ ತುಂಬಿದಂತೆಯೇ ಕಾಣುತ್ತದೆ.

ಅಚ್ಚಿನ ಮಾತಿಗೂ ಕಾಲುವೆಯೇ ಉದಾಹರಣೆ. ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಅದನ್ನು ಯೋಜಿಸಿದಾಗ ಹೆಚ್ಚಿನ ಜಮೀನಿಗೆ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ವರ್ಷವರ್ಷವೂ ನೀರಿಗಾಗಿ ರಸ್ತೆಗಿಳಿಯುವಂತಾಯಿತು. ಭತ್ತ ಬೆಳೆಯುವುದು ಪಾಪ ಎಂದು ನಾವು ಹೇಳುತ್ತಿಲ್ಲ. ಆ ಬೆಳೆಯಿಂದಲೇ ಅನೇಕ ಕುಟುಂಬಗಳು ಮಕ್ಕಳನ್ನು ಓದಿಸಿವೆ. ಆದರೆ ಕದ್ದು ತೂಬು ಎತ್ತುವಾಗ ಕೇಳಿಬರುವ ಒಂದು ಮಾತಿದೆ: "ಎಲ್ಲಾರೂ ಹಂಗ ಮಾಡ್ತಾರ್ರೀ, ನಾವೊಬ್ರ ಬಿಟ್ರ ಏನಾಗ್ತೈತಿ?" ಪೌಲರು ಲೋಕದ ಅಚ್ಚು ಎಂದದ್ದು ಇದನ್ನೇ. ವರದಕ್ಷಿಣೆಯ ಮಾತುಕತೆಯಲ್ಲೂ, ಚುನಾವಣೆಯ ಹಣ ಕೈಗೆ ಬಂದಾಗಲೂ ನಮ್ಮ ಕ್ರೈಸ್ತ ಮನೆಗಳಲ್ಲಿ ಇದೇ ಮಾತು ಕೇಳುತ್ತದೆ.

ಬೆಟ್ಟದ ಮೇಲಿದ್ದ ಪೇತ್ರರ ಮನಸ್ಸೂ ಅಚ್ಚಿನೊಳಗೇ ಇತ್ತು. ಆರು ದಿನಗಳ ಹಿಂದಷ್ಟೇ ಯೇಸುಸ್ವಾಮಿ ಅವರನ್ನು ಗದರಿಸಿದ್ದರು, ನಿನ್ನ ಆಲೋಚನೆ ದೇವರದ್ದಲ್ಲ, ಮನುಷ್ಯರದ್ದು ಎಂದು. ಶಿಲುಬೆ ಬೇಡ ಎಂದದ್ದಕ್ಕೆ ಬಿದ್ದ ಬೈಗುಳ ಅದು. ಬೆಟ್ಟದಲ್ಲಿ ಮಹಿಮೆ ಕಂಡಕೂಡಲೇ ಅವರು ಮೂರು ಗುಡಾರ ಕಟ್ಟಲು ಹೊರಟರು. ಆಮೇಲೆ ಅಂಗಳದ ಬೆಂಕಿಯ ಬಳಿ ಮೂರು ಸಲ ನಿರಾಕರಣೆ. ಪಂಚಾಶತ್ತಮದ ನಂತರವೂ ಕಥೆ ಮುಗಿಯಲಿಲ್ಲ. ಕೊರ್ನೇಲಿಯನ ಮನೆಯ ಹೊಸ್ತಿಲು ದಾಟಲು ಅವರಿಗೆ ಯೊಪ್ಪದಲ್ಲಿ ಮೂರು ಸಲ ಒಂದೇ ದರ್ಶನ ಬೇಕಾಯಿತು. ದಾಟಿದ ಮೇಲೂ ಅಂತಿಯೋಕ್ಯದಲ್ಲಿ, ತಮ್ಮವರು ನೋಡುತ್ತಾರೆಂಬ ಅಂಜಿಕೆಯಿಂದ ಅನ್ಯಜನರ ಪಂಕ್ತಿಯಿಂದ ಎದ್ದುಹೋದರು. ಪೌಲರು ಎಲ್ಲರೆದುರು ಅದನ್ನು ಖಂಡಿಸಿದರು (ಗಲಾತ್ಯ 2:11-14). ಒಂದೇ ಪರಮಪ್ರಸಾದ ಸ್ವೀಕರಿಸಿ ಹೊರಬಂದು, ಯಾರ ಮನೆಯಲ್ಲಿ ಊಟ ಮಾಡಬಹುದು, ಯಾರ ಮನೆಯಲ್ಲಿ ಬಾರದು ಎಂದು ಜಾತಿ ನೋಡುವ ನಾವು ಆ ನಾಲ್ಕು ವಚನಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದುವುದು ಒಳ್ಳೆಯದು. ಧರ್ಮಸಭೆಯ ಬಂಡೆ ಎನಿಸಿದವರ ಮನಸ್ಸು ಬದಲಾಗಲು ಅಷ್ಟು ವರ್ಷ ಹಿಡಿಯಿತು.

ಬಂಡೆ ಎಂದಾಗ ಮಸ್ಕಿಯ ಬಂಡೆ ನೆನಪಾಗುತ್ತದೆ. ಅಶೋಕನ ಹೆಸರೇ ಇರುವ ಶಾಸನವಾಗಿ ಮೊದಲು ಸಿಕ್ಕಿದ್ದು ಇದು, 1915ರಲ್ಲಿ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಆದರೆ ಹುರುಪಿನಿಂದ ತೊಡಗಿ ಒಂದು ವರ್ಷ ಚಿಲ್ಲರೆಯಷ್ಟೇ ಆಯಿತು ಎಂಬ ಅರ್ಥದ ಮಾತು ಅದರಲ್ಲಿದೆ. ದೊಡ್ಡವರಿಗೆ ಮಾತ್ರವಲ್ಲ, ಧರ್ಮದಲ್ಲಿ ನಡೆಯುವ ಚಿಕ್ಕವರಿಗೂ ಇದು ಸಾಧ್ಯ ಎಂದೂ ಹೇಳಿದೆ. ಅವನು ಬೌದ್ಧ, ಅವನ ಹಾದಿ ಬೇರೆ. ಆದರೂ ಹೆಸರಿಗೆ ಅನುಯಾಯಿಯಾಗಿದ್ದು ಮನಸ್ಸು ತಡವಾಗಿ ತಿರುಗಿತೆಂದು ಕಲ್ಲಿನಲ್ಲಿ ಬರೆಸುವ ಪ್ರಾಮಾಣಿಕತೆ ಒಬ್ಬ ಚಕ್ರವರ್ತಿಗೆ ಇತ್ತು. ಜ್ಞಾನಸ್ನಾನ ಪಡೆದು ನಲವತ್ತು ವರ್ಷವಾದ ನಾವು ಆ ಲೆಕ್ಕವನ್ನು ಹೇಗೆ ಬರೆಸುತ್ತೇವೆ?

ಇಲ್ಲಿ ಒಂದು ಅಪಾರ್ಥವನ್ನು ದೂರಮಾಡಬೇಕು. ಒಪ್ಪಿಸಿಕೊಡುವುದೆಂದರೆ ಹಣೆಬರಹ ಎಂದು ಕೈಕಟ್ಟಿ ಕೂರುವುದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಎಷ್ಟೋ ಮನೆಗಳಲ್ಲಿ ನಿದ್ದೆಯಿರಲಿಲ್ಲ. ಎಷ್ಟೋ ಜನ ಪ್ರಾರ್ಥಿಸಿದರು. ಹರಿಯುವ ನೀರಿನಲ್ಲೇ ಕೆಲಸಗಾರರು ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ನೀರು ತಡೆದರು. ಪ್ರಾರ್ಥನೆ ಬೇರೆ, ಆ ಕೆಲಸ ಬೇರೆ ಎಂದು ನಾವು ಭಾವಿಸುವುದಿಲ್ಲ. ಹಾಗೆಯೇ, ಗಂಡ ಹೊಡೆಯುವ ಮನೆಯಲ್ಲಿ ಹೆಂಡತಿ ಸುಮ್ಮನೆ ಸಹಿಸುವುದನ್ನು ಶರಣಾಗತಿ ಎಂದು ಯಾರೂ ಬೋಧಿಸಬಾರದು. ಸಾಲದಿಂದಲೋ ದುಃಖದಿಂದಲೋ ಮನಸ್ಸು ಕುಸಿದು ಬದುಕೇ ಬೇಡವೆನಿಸಿದವರಿಗೆ ಇನ್ನಷ್ಟು ಜಪಮಾಡಿ ಎಂದು ಹೇಳಿ ಕಳುಹಿಸುವುದು ಸಾಲದು. ಅವರ ಜೊತೆ ಆಸ್ಪತ್ರೆಗೆ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು.

ಹಾಗಾದರೆ ದಿನದಿನ ಏನು ಮಾಡಬೇಕು? 1844ರ ಡಿಸೆಂಬರ್ 3ರಂದು, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದಂದು, ಫ್ರಾನ್ಸಿನ ವಾಲ್ಸ್ ಎಂಬಲ್ಲಿ ಯೇಸುಸಭೆಯ ಗುರು ಗೋತ್ರಲೇ ತಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿದರು. ಆ ಯುವಕರಿಗೆ ದೂರದೇಶದ ಮಿಷನ್ ಕೆಲಸದ ಕನಸು, ಓದು ಬೇಸರ. ಇವತ್ತಿನ ಓದು, ಆಯಾಸ, ಕಿರಿಕಿರಿಗಳನ್ನೇ ಬೆಳಿಗ್ಗೆ ದೇವರಿಗೆ ಅರ್ಪಿಸಿರಿ, ಅದೇ ನಿಮ್ಮ ಮಿಷನ್ ಎಂದು ಅವರು ತಿಳಿಸಿದರು. ಬೆಳಗಿನ ಅರ್ಪಣೆಯ ಪ್ರಾರ್ಥನೆ ಜಗತ್ತಿನಾದ್ಯಂತ ಹರಡಿದ್ದು ಹೀಗೆ. ಅದಕ್ಕೆ ಹಿಡಿಯುವುದು ಎರಡು ನಿಮಿಷ. ಹಾಲು ಕಾಯುವಷ್ಟರಲ್ಲಿ ಆಗುತ್ತದೆ. ರಾತ್ರಿ ಸಂತ ಇಗ್ನಾಸಿಯವರು ಕಲಿಸಿದಂತೆ ದಿನವನ್ನು ತಿರುಗಿ ನೋಡುವುದು: ಎಲ್ಲಿ ದೇವರಿಗೆ ಕೃತಜ್ಞತೆ ಸಲ್ಲಬೇಕು, ಎಲ್ಲಿ ಮನಸ್ಸು ಹಳೆಯ ಅಚ್ಚಿಗೆ ಜಾರಿತು, ನಾಳೆ ಯಾರೊಡನೆ ಮಾತು ಸರಿಪಡಿಸಬೇಕು. ಇವೆರಡರ ನಡುವೆ ಬಲಿಪೂಜೆ ಸಿಕ್ಕಿದ ದಿನ, ಗುರುಗಳು ದ್ರಾಕ್ಷಾರಸಕ್ಕೆ ಬೆರೆಸುವ ಆ ಒಂದು ಹನಿ ನೀರಿನಲ್ಲಿ ನಮ್ಮ ದಿನವನ್ನೂ ಬೆರೆಸಬೇಕು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಹದಿನಾರನೇ ಶತಮಾನದಿಂದ ಕಥೋಲಿಕರಿದ್ದಾರೆ. ಝೇವಿಯರರ ಮಿಷನರಿಗಳಲ್ಲಿ ಒಬ್ಬರಿಂದ ಅವರು ವಿಶ್ವಾಸ ಪಡೆದರೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಆದಿಲಶಾಹಿ ಹೋಯಿತು, ಮೊಗಲರು ಬಂದರು, ನಿಜಾಮರು ಆಳಿದರು. ಅಷ್ಟು ತಲೆಮಾರು ಆ ದೀಪ ಉಳಿದದ್ದು ವರ್ಷಕ್ಕೊಂದು ಹಬ್ಬದ ಮೆರವಣಿಗೆಯಿಂದಲ್ಲ, ಮನೆಮನೆಯ ಸಂಜೆಯ ಪ್ರಾರ್ಥನೆಯಿಂದ ಎಂದೇ ನಮ್ಮ ಅನಿಸಿಕೆ.

ಈ ಹಬ್ಬದ ವಾರ ಕುಟುಂಬದ ಸಂಜೆಯ ಪ್ರಾರ್ಥನೆಗೆ ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯವನ್ನೇ ತೆಗೆದುಕೊಳ್ಳಬಹುದು. ಅದರಲ್ಲಿರುವುದು 21 ವಚನ. ದಿನಕ್ಕೆ ಮೂರರಂತೆ ಏಳು ದಿನಕ್ಕೆ ಸರಿಯಾಗುತ್ತದೆ. ಓದಲು ಬರುವ ಮಕ್ಕಳಿಗೇ ಓದಲು ಕೊಡಿ. ಏಳನೆಯ ದಿನ ಬರುವುದು ವೈರಿಗೆ ಹಸಿವಾದರೆ ಊಟ, ಬಾಯಾರಿದರೆ ನೀರು ಕೊಡುವ ಭಾಗ. ಕಾಲುವೆಯ ನೀರಿನ ಸರದಿ ಇರುವ ಮನೆಯವರು ಅಂದು ಸ್ವಲ್ಪ ನಿಧಾನವಾಗಿ ಓದಲಿ.