ಅಪ್ಪನ ಅರಗು, ನನ್ನ ಸಿಲಿಕಾನ್

‘ಫೋನ್, ಕಂಪ್ಯೂಟರ್, ಸೋಲಾರ್ ಎಲ್ಲಕ್ಕೂ ಸಿಲಿಕಾನ್ ಬೇಕು. ಎಲ್‌ಇಡಿ ಬಲ್ಬಿಗೆ ಮಾತ್ರ ಯಾಕೆ ಬೇಡ?’

ಬೆಂಗಳೂರಿನ ಸಂದರ್ಶನವೊಂದರಲ್ಲಿ ಕೇಳಿದ ಪ್ರಶ್ನೆ. ‘ಅದು ಬೆಳಕು ಕೊಡಲ್ಲ ಸರ್’ ಎಂದೆ. ‘ಯಾವತ್ತೂ ಕೊಡಲ್ವಾ?’ ಎಂದರು. ಎಂ.ಎಸ್ಸಿ. ಓದಿದ್ದರೂ ಬಾಯಿ ಕಟ್ಟಿತು. ಕೆಲಸ ಸಿಗಲಿಲ್ಲ, ಆದರೆ ಪ್ರಶ್ನೆ ಚನ್ನಪಟ್ಟಣದವರೆಗೂ ನನ್ನ ಜೊತೆ ರೈಲಿನಲ್ಲಿ ಬಂತು.

ಹುಡುಕಿ ಓದಿದೆ. ದೊಡ್ಡ ಸಿಲಿಕಾನ್ ಹರಳಿಗೆ ಕೊಟ್ಟ ಶಕ್ತಿ ಬಹುಪಾಲು ಶಾಖವಾಗಿ ಹೋಗುತ್ತದೆ. ಆದರೆ 1990ರಲ್ಲಿ ಬ್ರಿಟನ್ನಿನ ಲೀ ಕ್ಯಾನಮ್, ಆಸಿಡ್‌ನಲ್ಲಿ ಕೊರೆದು ಸ್ಪಂಜಿನಂತಾದ ಸಿಲಿಕಾನ್ ಮೇಲೆ ಲೇಸರ್ ಬಿಟ್ಟಾಗ ಅದು ಕೆಂಪಗೆ ಹೊಳೆಯುವುದನ್ನು ತೋರಿಸಿದರು. ಹರಳು ಕೆಲವೇ ನ್ಯಾನೊಮೀಟರ್‌ಗೆ ಇಳಿದರೆ ಸಿಲಿಕಾನ್ ಕೂಡ ಬೆಳಗುತ್ತದೆ. ಚಿಕ್ಕದಾದಷ್ಟೂ ಬೆಳಕು ಕೆಂಪಿನಿಂದ ನೀಲಿಯತ್ತ ಸರಿಯಬೇಕು.

ಆದರೆ ಗಾತ್ರ ಅರ್ಧ ಕಥೆ ಮಾತ್ರ. 2 ನ್ಯಾನೊಮೀಟರ್ ಹರಳಿನಲ್ಲಿ ಇರುವುದೇ ಸುಮಾರು 200 ಪರಮಾಣು. ಅರ್ಧದಷ್ಟು ಮೇಲ್ಮೈಯಲ್ಲೇ! ಪ್ರತಿ ಸಿಲಿಕಾನ್ ಪರಮಾಣುವಿಗೆ ನಾಲ್ಕು ಕೈ. ಅಂಚಿನಲ್ಲಿ ಒಂದು ಕೈ ಖಾಲಿ ಉಳಿದರೂ ಎಲೆಕ್ಟ್ರಾನ್ ಅಲ್ಲಿ ಸಿಕ್ಕಿಬಿದ್ದು, ಬೆಳಕು ಆರಿಹೋಗುತ್ತದೆ. ಆ ಕೈಗೆ ಹೈಡ್ರೋಜನ್ ಕೊಟ್ಟರೆ ಹರಳು ಬೆಳಗುತ್ತದೆ. ಆದರೆ ಗಾಳಿಗೆ ಬಿಟ್ಟರೆ ಹೈಡ್ರೋಜನ್ ಜಾಗಕ್ಕೆ ಆಕ್ಸಿಜನ್ ಬರುತ್ತದೆ. ಹಸಿರು, ನೀಲಿ ಸೂಸುತ್ತಿದ್ದ ಪುಟ್ಟ ಹರಳುಗಳು ಇದರಿಂದ ಕೆಂಪಿಗೆ ತಿರುಗುವುದನ್ನು 1999ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ತಂಡ ವಿವರಿಸಿತು. ಹರಳಿನ ಗಾತ್ರ ಹೆಚ್ಚುಕಡಿಮೆ ಅದೇ, ಮೈಮೇಲಿನದು ಮಾತ್ರ ಬೇರೆ! ಅದಕ್ಕೇ ಇಂಗಾಲದ ಸರಪಳಿ ಜೋಡಿಸಿ ಮೈ ಕಾಪಾಡುತ್ತಾರೆ.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಲೇತ್‌ನಲ್ಲಿ ತಿರುಗುವ ಆಲೆಮರದ ಬೊಂಬೆಗೆ ಅರಗಿನ ಕಡ್ಡಿ ಒತ್ತುತ್ತಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ‘ಮೈ ಸರಿಯಾಗಿ ಮುಚ್ಚದಿದ್ರೆ ಎಂಥಾ ಮರ ಆದ್ರೂ ದಂಡ ಕಣೋ’ ಎಂದರು.

ಎರಡೂ ಒಂದೇ ಅಲ್ಲ. ಬೊಂಬೆಯ ಬಣ್ಣ ಅರಗಿನಲ್ಲೇ ಇರುತ್ತದೆ. ಹರಳಿನ ಹೊದಿಕೆಗೆ ಬಣ್ಣವಿಲ್ಲ, ಅದು ಒಳಗಿನ ಎಲೆಕ್ಟ್ರಾನ್‌ನ ದಾರಿ ಬದಲಿಸುತ್ತದೆ. ಆದರೂ ಅಪ್ಪನ ಒಂದು ಮಾತಿನಲ್ಲಿ ನನ್ನ ಅಧ್ಯಾಯ ಮುಗಿದಿತ್ತು.

ಮುಂದಿನ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದರೆ ಹೇಳುತ್ತೇನೆ: ‘ಕೊಡುತ್ತೆ ಸರ್. ಚಿಕ್ಕದು ಮಾಡಬೇಕು, ಮೈ ಸರಿಯಾಗಿ ಮುಚ್ಚಬೇಕು.’