ಓಪನ್ ಸೋರ್ಸ್‌ಗೆ ಹಣ ಕೊಡಲು ಕಂಪನಿಗಳು ಸಿದ್ಧ, ತೆರಿಗೆ ನಿಯಮವೇ ಅಡ್ಡಿ! ಏನಿದು ತೊಡಕು?

ಮುಂಬೈನ ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಕಂಪ್ಯೂಟರ್ ಕೊಂಡರೆ ಜಿಎಸ್‌ಟಿ ಬಿಲ್ ಸಿಗುತ್ತದೆ. ಕಂಪನಿಯ ಲೆಕ್ಕಕ್ಕೆ ಅದು ಸುಲಭವಾಗಿ ಸೇರುತ್ತದೆ. ಅದೇ ಕಂಪ್ಯೂಟರ್‌ಗೆ ಹಾಕುವ ಲಿನಕ್ಸ್ ಉಚಿತ, ಹಾಗಾಗಿ ಬಿಲ್ಲೂ ಇಲ್ಲ. ಇಂಥ ತಂತ್ರಾಂಶದಿಂದ ಲಾಭ ಪಡೆದ ಕಂಪನಿ, ಅದನ್ನು ಬರೆದವರಿಗೆ ಹಣ ಕೊಡಲು ಮುಂದಾದಾಗ ತೊಡಕು ಶುರುವಾಗುತ್ತದೆ.

ಬೆಂಗಳೂರಿನ ಷೇರು ಬ್ರೋಕಿಂಗ್ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ 'ಫ್ಲಾಸ್ ಫಂಡ್' ಘೋಷಿಸಿತು. ವರ್ಷಕ್ಕೆ 10 ಲಕ್ಷ ಡಾಲರ್ ಮೊತ್ತದ ಈ ನಿಧಿಯಿಂದ ಯಾವುದೇ ದೇಶದ ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ ನೆರವು ಸಿಗುತ್ತದೆ. ಆದರೆ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಇಂಥ ಹಣ ಖರ್ಚೋ, ದೇಣಿಗೆಯೋ?

ವ್ಯಾಪಾರದ ಖರ್ಚು ಎನ್ನಬಹುದೇ?
ವ್ಯವಹಾರಕ್ಕಾಗಿಯೇ ಮಾಡಿದ ಖರ್ಚನ್ನು ಮಾತ್ರ ಲಾಭದಿಂದ ಕಳೆಯಬಹುದು. ಉಚಿತವಾಗಿ ಸಿಗುವುದಕ್ಕೆ ಹಣ ಏಕೆ ಕೊಟ್ಟಿರಿ ಎಂಬ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ ಕಂಪನಿಯದ್ದೇ.

ದೇಣಿಗೆ ಎಂದರೆ?
80ಜಿ ವಿನಾಯಿತಿ ಭಾರತದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ಮಾತ್ರ. ಜರ್ಮನಿಯಲ್ಲಿ ಕುಳಿತು ಕೋಡ್ ಬರೆಯುವ ವ್ಯಕ್ತಿಗೆ ಕೊಟ್ಟರೆ ಸಿಗದು. ಶೇ. 22ರ ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ಕಂಪನಿಗಳಿಗಂತೂ ಈ ವಿನಾಯಿತಿಯೇ ಇಲ್ಲ.

ಸಿಎಸ್‌ಆರ್ ಹಣ ಬಳಸಬಹುದೇ?
2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವಿನಿಯೋಗಿಸಬೇಕು. ಆದರೆ ಆ ಕೆಲಸ ಭಾರತದಲ್ಲೇ ನಡೆಯಬೇಕು. ಕಾಯ್ದೆಯ ಪಟ್ಟಿಯಲ್ಲಿ ಓಪನ್ ಸೋರ್ಸ್ ಎಂಬ ಹೆಸರೂ ಇಲ್ಲ.

ವಿದೇಶಕ್ಕೆ ಕಳಿಸುವಾಗ?
ಹಣವನ್ನು ತಾಂತ್ರಿಕ ಸೇವೆಯ ಶುಲ್ಕ ಅಥವಾ ರಾಯಲ್ಟಿ ಎಂದು ಪರಿಗಣಿಸಿದರೆ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ದರ ಶೇ. 20, ಜೊತೆಗೆ ಸರ್ಚಾರ್ಜ್, ಸೆಸ್. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಲಾಭ ಬೇಕಿದ್ದರೆ ಹಣ ಪಡೆಯುವವರು ತಮ್ಮ ದೇಶದಿಂದ ತೆರಿಗೆ ನಿವಾಸಿ ಪ್ರಮಾಣಪತ್ರ ತರಬೇಕು. ಅನೇಕ ಪಾವತಿಗಳಿಗೆ ಸಿಎ ಪ್ರಮಾಣಪತ್ರವೂ ಬೇಕು. ಪ್ರತಿಯಾಗಿ ಸೇವೆ ಪಡೆದರೆ ಶೇ. 18 ಜಿಎಸ್‌ಟಿಯನ್ನು ಕಂಪನಿಯೇ ಕಟ್ಟಬೇಕಾಗಬಹುದು.

ಸದ್ಯಕ್ಕೆ ದಾರಿ ಏನು?
ಬೆಂಬಲ ಸೇವೆಯ ಒಪ್ಪಂದ ಮಾಡಿಕೊಂಡು ಇನ್‌ವಾಯ್ಸ್ ಪಡೆಯುವುದು, 80ಜಿ ಮಾನ್ಯತೆಯಿರುವ ಭಾರತೀಯ ಸಂಸ್ಥೆಗೆ ಕೊಡುವುದು, ಇಲ್ಲವೇ ತಮ್ಮದೇ ಉದ್ಯೋಗಿಗಳಿಂದ ಕೋಡ್ ಬರೆಸುವುದು. ಸಂಬಳ ಹೇಗಿದ್ದರೂ ಖರ್ಚೇ.

ದೊಡ್ಡ ಕಂಪನಿ ಇಷ್ಟೆಲ್ಲ ಕಾಗದಪತ್ರ ನಿಭಾಯಿಸೀತು. ಆದರೆ 20 ಸಾವಿರ ರೂಪಾಯಿ ಕಳಿಸಬೇಕೆಂದಿರುವ ಸಣ್ಣ ಸ್ಟಾರ್ಟಪ್‌ಗೆ ಈ ಓಡಾಟವೇ ದುಬಾರಿ. ಕೊನೆಗೆ ನಷ್ಟವಾಗುವುದು, ಎಲ್ಲರೂ ಬಳಸುವ ಕೋಡನ್ನು ಒಬ್ಬಂಟಿಯಾಗಿ ನೋಡಿಕೊಳ್ಳುತ್ತಿರುವವರಿಗೆ.